ಅರಿಂಜಯನ ಅಭಿಮಾನಿಗಳು

ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವಾಗ ನನ್ನಂಥ ಪತ್ತೇದಾರಿ ಹುಚ್ಚಿನವರಿಗೆ ಒಂದೇ ಯೋಚನೆ: ಕಾದಂಬರಿಕಾರ ಎನ್. ನರಸಿಂಹಯ್ಯನವರ ಕಥೆಗೆ ಈ ಕೋಟೆ ಸಿಕ್ಕಿದ್ದರೆ? ಭರತ ಹುಣ್ಣಿಮೆಯ ಜಾತ್ರೆ, ಉಚ್ಚಂಗೆಮ್ಮನ ಗುಡಿಯ ಮುಂದೆ ನೂಕುನುಗ್ಗಲು, ಯಾರದೋ ಕೊರಳ ಸರ ಮಾಯ, ಗುಂಪಿನೊಳಗೆ ಮಾರುವೇಷದಲ್ಲಿ ಅವರ ಪತ್ತೇದಾರ ಅರಿಂಜಯ. ಇನ್ನೇನು ಬೇಕು!

ನಾಲ್ಕನೇ ತರಗತಿವರೆಗಷ್ಟೇ ಓದಿದ್ದ ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದರು. ಆಮೇಲೆ ಬಂದವು ಐನೂರಕ್ಕೂ ಮಿಕ್ಕಿದ ಕಾದಂಬರಿಗಳು. ಪುರುಷೋತ್ತಮ, ಮಧುಸೂದನ, ಗಾಳಿರಾಯ, ಅರಿಂಜಯ: ಹೆಸರು ಕೇಳಿದರೆ ಸಾಕು, ಊಟ ಮರೆಯುತ್ತಿದ್ದ ಓದುಗರಿದ್ದರು. ಬಾಡಿಗೆ ಪುಸ್ತಕದ ಕೊನೆಯ ಹಾಳೆ ಹರಿದಿದ್ದರೆ ಮಾತ್ರ ನಿದ್ದೆಯೂ ಇಲ್ಲ. (ಹರಿದವರಿಗೆ ಯಾವ ಶಿಕ್ಷೆಯೂ ಕಡಿಮೆಯೇ.)

ಪತ್ತೇದಾರಿಕೆಗೆ ಮಾರುವೇಷವೇ ಬೇಕೆಂದಿಲ್ಲ. ಅಗಾಥಾ ಕ್ರಿಸ್ಟಿಯ ಕಥೆಗಳ ಮಿಸ್ ಮಾರ್ಪಲ್ ಕೈಯಲ್ಲಿ ಪಿಸ್ತೂಲಿಲ್ಲ, ಉಣ್ಣೆಯ ಹೆಣಿಗೆ ಇದೆ. ಹಳ್ಳಿಯ ಹರಟೆಯಿಂದಲೇ ಆ ಮುದುಕಿ ಕೊಲೆಗಾರನ ಜಾಡು ಹಿಡಿಯುತ್ತಾಳೆ. ಯಾರ ಮನೆಗೆ ಯಾರು ಬಂದರು, ಎಷ್ಟೊತ್ತಿಗೆ ಹೋದರು ಎಂದು ಲೆಕ್ಕವಿಡುವ ನಮ್ಮ ಕಟ್ಟೆಯ ಅಜ್ಜಿಯರಿಗೆ ಅವಳು ದೂರದವಳೇನಲ್ಲ. ಕೊಲೆಗಾರ ಯಾರೆಂದು ಗೊತ್ತಿದ್ದೂ ಇಂಥ ಕಥೆಗಳನ್ನು ಮತ್ತೆ ಓದುವುದು ಸುಳಿವು ಬಚ್ಚಿಟ್ಟ ಜಾಣತನ ನೋಡಲಿಕ್ಕೆ.

ಇಂಥ ಓದನ್ನು ಕಾಲಹರಣ ಎನ್ನುವವರು ಮೊದಲು ಒಂದು ಅರಿಂಜಯ ಓದಿ ನೋಡಲಿ. ಕೊನೆಯ ಪುಟ ಮೊದಲೇ ತೆರೆಯಬೇಡಿ, ಅಷ್ಟೇ.