ಒಬ್ಬ ಓದುಗನಿಗಾಗಿ

ಬರೆದವರಿಗೆ ಓದುವವರು ಬೇಕು. ಅಚ್ಚಾದ ಪುಸ್ತಕಕ್ಕಾದರೆ ಪ್ರಕಾಶಕರಿದ್ದಾರೆ, ಅಂಗಡಿಯಿದೆ, ವಿಮರ್ಶಕರಿದ್ದಾರೆ. ಈ ಮೂರೂ ಇಲ್ಲದ ಬರವಣಿಗೆಯೊಂದು ಇಂದು ವಿಪುಲವಾಗಿ ಬೆಳೆದಿದೆ. ಷರ್ಲಾಕ್ ಹೋಮ್ಸನನ್ನೋ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸ್ಪಾಕನನ್ನೋ ಮೆಚ್ಚಿದವರು, ಆ ಪಾತ್ರಗಳನ್ನೇ ಇಟ್ಟುಕೊಂಡು, ಸಾಮಾನ್ಯವಾಗಿ ಹಣದ ಆಸೆಯಿಲ್ಲದೆ ಬರೆಯುವ ಕಥೆಗಳಿವು. ‘ಫ್ಯಾನ್ ಫಿಕ್ಷನ್’ ಎಂದು ಪ್ರಸಿದ್ಧವಾದ ಇವನ್ನು ನಾವು ಅಭಿಮಾನಿ ಕಥೆಗಳೆನ್ನೋಣ. ಇವು ಸಾಹಿತ್ಯವೋ ಅಲ್ಲವೋ ಎಂಬ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಇವು ಓದುಗರನ್ನು ಪಡೆಯುವ ಬಗೆಯೇ ನನಗೆ ವಿಚಾರಾರ್ಹವಾಗಿ ತೋರಿದೆ.

1967ರಲ್ಲಿ ಅಮೆರಿಕದಲ್ಲಿ ‘ಸ್ಪಾಕನೇಲಿಯಾ’ ಎಂಬ ಅಭಿಮಾನಿಗಳ ಪತ್ರಿಕೆ ಹೊರಟಾಗ, ಇಂಥ ಬರಹಗಳು ಅಂಚೆಯ ಮೂಲಕ ಕೆಲವೇ ಮಂದಿಯ ಕೈಸೇರುತ್ತಿದ್ದವು. 1998ರಲ್ಲಿ ‘ಫ್ಯಾನ್‌ಫಿಕ್ಷನ್ ಡಾಟ್ ನೆಟ್’, 2009ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಜಾಲತಾಣಗಳು ಬಂದವು. ಎರಡನೆಯದೊಂದರಲ್ಲಿಯೇ ಕೃತಿಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಹಿಂದೆ ಕಥೆ ಅಚ್ಚಾಗುವುದು ಕಷ್ಟವಾಗಿತ್ತು. ಈಗ ಅದು ಯಾರದಾದರೂ ಕಣ್ಣಿಗೆ ಬೀಳುವುದು ಕಷ್ಟ.

ಈ ಆರ್ಕೈವ್ ಜಾಹೀರಾತುಗಳಿಲ್ಲದೆ, ದಾನದ ಹಣದಿಂದಲೂ ಸ್ವಯಂಸೇವಕರ ದುಡಿಮೆಯಿಂದಲೂ ನಡೆಯುತ್ತದೆ. ‘ನಿಮಗೆ ಇದು ರುಚಿಸೀತು’ ಎಂದು ಕಥೆಯನ್ನು ಮುಂದಕ್ಕೆ ತಳ್ಳುವ ಯಂತ್ರ ಅಲ್ಲಿಲ್ಲ. ಯಾವ ಮೂಲಕೃತಿ, ಯಾವ ಪಾತ್ರಗಳು, ವಿನೋದವೋ ವಿಷಾದವೋ ಎಂಬುದನ್ನು ತಿಳಿಸುವ ಚೀಟಿಗಳನ್ನು ಲೇಖಕರೇ ಅಂಟಿಸುತ್ತಾರೆ. ಒಂದೇ ಅರ್ಥದ ನಾನಾ ಚೀಟಿಗಳನ್ನು ಸ್ವಯಂಸೇವಕರು ಒಂದುಗೂಡಿಸುತ್ತಾರೆ. ಓದುವವರು ಚೀಟಿಯ ಜಾಡು ಹಿಡಿದು ಬರುತ್ತಾರೆ. 2019ರಲ್ಲಿ ಹ್ಯೂಗೋ ಪ್ರಶಸ್ತಿ ಸಂದದ್ದು ಅಲ್ಲಿನ ಯಾವೊಂದು ಕಥೆಗೂ ಅಲ್ಲ, ಈ ಆರ್ಕೈವಿಗೆ. ಅದು ಯೋಗ್ಯವಾದ ಮನ್ನಣೆಯೆಂದೇ ನನ್ನ ಮತ. ಲೇಖಕರು ತಮ್ಮ ಕಥೆ ಏನೆಂಬುದನ್ನು ಪ್ರಾಮಾಣಿಕವಾಗಿ ಹೇಳಲೇಬೇಕಾಗುವುದು ಈ ಏರ್ಪಾಡಿನ ಗುಣ. ‘ಸಾರಾಂಶ ಬರೆಯಲು ನನಗೆ ಬಾರದು’ ಎಂದು ಪರಿಚಯದ ಎರಡು ಸಾಲುಗಳಲ್ಲೇ ಕೈಚೆಲ್ಲುವವರೂ ಈ ಲೋಕದಲ್ಲಿದ್ದಾರೆ. ಅದನ್ನು ವಿನಯವೆನ್ನಲಾರೆ. ಕಥೆಯ ತಿರುಳು ಬರೆದವರಿಗೇ ಹೇಳಲು ಬಾರದಿದ್ದರೆ ಪರರು ಬಾಗಿಲಲ್ಲೇ ಹಿಂದಿರುಗಿದರೆ ತಪ್ಪೇನು?

ಆದರೆ ಚೀಟಿಗೆ ಇನ್ನೊಂದು ಮುಖವೂ ಉಂಟು. ಜನಪ್ರಿಯ ಜೋಡಿಯ ಪ್ರಣಯವನ್ನು ಬರೆದರೆ ಓದುಗರು ಸುಲಭವಾಗಿ ದೊರೆಯುತ್ತಾರೆ. ಮೂಲದಲ್ಲಿ ಎರಡು ಪುಟ ಬಂದು ಹೋಗುವ ಮುದುಕಿಯೊಬ್ಬಳನ್ನು ಕುರಿತು ಬರೆದರೆ ದೊರೆಯುವುದು ದುರ್ಲಭ. ಕಥೆಯ ಜೊತೆಯಲ್ಲೇ ತೆರೆದವರ ಎಣಿಕೆ, ಮೆಚ್ಚಿದವರ ಎಣಿಕೆ. ಈ ಎಣಿಕೆಯ ಮೇಲೆ ಕಣ್ಣಿಟ್ಟವರು ಕ್ರಮೇಣ ಚೀಟಿಗಾಗಿಯೇ ಕಥೆ ಕಟ್ಟತೊಡಗುತ್ತಾರೆ. ಅಭಿಮಾನದಿಂದ ಹುಟ್ಟಿದ ಬರವಣಿಗೆ ಸಂತೆಯ ಸರಕಾದರೆ ಅದರ ಹಿರಿಮೆಯೇ ಹೋಯಿತು.

ಇದಕ್ಕೆ ಆ ಸಮುದಾಯದೊಳಗೇ ಒಂದು ಮದ್ದು ಇದೆ. ಅದರ ಹೆಸರು ‘ಯೂಲ್‌ಟೈಡ್’. 2003ರಿಂದ ವರ್ಷಕ್ಕೊಮ್ಮೆ ನಡೆಯುವ ಈ ಕಥಾವಿನಿಮಯದಲ್ಲಿ, ಅಭಿಮಾನಿ ಕಥೆಗಳು ವಿರಳವಾಗಿರುವ ಮೂಲಕೃತಿಗಳಿಗೆ ಮಾತ್ರ ಪ್ರವೇಶ. ತಾವು ಓದಬಯಸುವುದೇನು, ಬರೆಯಬಲ್ಲುದೇನು ಎಂಬುದನ್ನು ಎಲ್ಲರೂ ಮೊದಲೇ ತಿಳಿಸುತ್ತಾರೆ; ಅದರಂತೆ ಬರೆಯುವವರಿಗೂ ಬಯಸಿದವರಿಗೂ ಗಂಟು ಹಾಕಲಾಗುತ್ತದೆ. ಆ ಒಬ್ಬ ಓದುಗನಿಗಾಗಿ ಕನಿಷ್ಠ 1000 ಪದಗಳ ಕಥೆ ಬರೆಯಬೇಕು. ಕ್ರಿಸ್ಮಸ್ಸಿಗೆ ಕಥೆಗಳು ಬೆಳಕು ಕಾಣುತ್ತವೆ. ಬರೆದವರ ಹೆಸರು ಹೊಸ ವರ್ಷದವರೆಗೆ ಗುಟ್ಟು. ಆ ಕೆಲವು ದಿನ ಹೆಸರಿನ ಹಂಗಿಲ್ಲದೆ ಕಥೆ ತನ್ನ ಕಾಲ ಮೇಲೆ ನಿಲ್ಲಬೇಕು. ಎರಡು ಪುಟದ ಆ ಮುದುಕಿಗೂ ಇಲ್ಲಿ ಕಾದು ಕುಳಿತ ಒಬ್ಬ ಓದುಗ ಸಿಕ್ಕಾನು.

ಈ ವಿನಿಮಯದಲ್ಲಿ ಕೇಳುವವರೇ ಕೊಡುವವರೂ ಆಗಿರುವುದನ್ನು ಗಮನಿಸಬೇಕು. ನನ್ನ ಕಥೆಯನ್ನು ಯಾರೂ ಓದಲಿಲ್ಲವೆಂದು ಕೊರಗುವವರು, ತಾವು ಯಾರ ಕಥೆಯನ್ನು ಓದಿ ಅವರಿಗೆ ನಾಲ್ಕು ಮಾತು ಬರೆದೆವೆಂದು ಕೇಳಿಕೊಳ್ಳುವುದು ಒಳ್ಳೆಯದು. ಸಾವಿರ ಜನ ತೆರೆದು ಮುಚ್ಚಿದ ಕಥೆಗಿಂತ, ಒಬ್ಬರು ಕೊನೆಯವರೆಗೆ ಓದಿ ಇಂಥ ಕಡೆ ಸೊಗಸಾಗಿದೆ, ಇಂಥ ಕಡೆ ಸಡಿಲಾಗಿದೆ ಎಂದು ಹೇಳಿದ ಕಥೆಯೇ ಅದನ್ನು ಬರೆದವರನ್ನು ಬೆಳೆಸೀತು.