ವಸಡುರೋಗದ ಜೀನೋಮ್ ಹೋಲಿಕೆ: ಕರಾವಳಿಯಿಂದ ಒಂದು ವಿಮರ್ಶೆ

ಹಲ್ಲನ್ನು ಹಿಡಿದಿಡುವ ಮೂಳೆಯನ್ನೇ ಸವೆಸುವ ಪೆರಿಯೊಡಾಂಟೈಟಿಸ್ ಎಂಬ ವಸಡುರೋಗದಲ್ಲಿ ಮುಖ್ಯ ಪಾತ್ರ ವಹಿಸುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾದ ಎರಡು ತಳಿಗಳ ಜೀನೋಮ್‌ಗಳನ್ನು, ಅಂದರೆ ಅವುಗಳ ಇಡಿಯ ಡಿಎನ್‌ಎ ರಚನೆಯನ್ನು, ಜಪಾನಿನ ಸಂಶೋಧಕರು 2008ರಲ್ಲಿ ಹೋಲಿಸಿದರು. ಇಲಿಗಳ ಚರ್ಮದಡಿ ಚುಚ್ಚಿದಾಗ ಉಗ್ರವಾಗಿ ವರ್ತಿಸುವ ಡಬ್ಲ್ಯು83ರ ಜೀನೋಮ್ 2003ರಲ್ಲೇ ಪ್ರಕಟವಾಗಿತ್ತು. ಅಷ್ಟು ಉಗ್ರವಲ್ಲದ ಎಟಿಸಿಸಿ 33277ನ್ನು ಅದರ ಪಕ್ಕದಲ್ಲಿಟ್ಟಾಗ, ಎರಡೂ ಸುಮಾರು 23.5 ಲಕ್ಷ ಬೇಸ್ ಜೋಡಿಗಳಷ್ಟೇ ಉದ್ದವಿದ್ದರೂ, ಹೊಸದಾಗಿ ಓದಿದ ತಳಿಯಲ್ಲಿ ಮಾತ್ರ 461, ಹಳೆಯದರಲ್ಲಿ ಮಾತ್ರ 415 ಪ್ರೋಟೀನ್ ಸಂಕೇತಗಳಿರುವುದೂ, 175 ಕಡೆ ಜೀನೋಮಿನ ಜೋಡಣೆಯೇ ಬದಲಾಗಿರುವುದೂ ಕಂಡವು. ಜಾಗ ಬದಲಿಸುವ ಡಿಎನ್‌ಎ ತುಣುಕುಗಳು ಈ ಪಲ್ಲಟಗಳಲ್ಲಿ ಆಳವಾಗಿ ಪಾಲ್ಗೊಂಡಿವೆ ಎಂದು ತೋರಿಸಿದ್ದು ಆ ಅಧ್ಯಯನದ ನಿಜವಾದ ಸಾಧನೆ.

ಆದರೆ ಇಲಿಯ ಬೆನ್ನಿನ ಬಾವು ಮನುಷ್ಯನ ವಸಡಲ್ಲ. ಉಳಿದ ಬ್ಯಾಕ್ಟೀರಿಯಾಗಳೇ ಇಲ್ಲದ ಇಲಿಗಳಲ್ಲಿ ಈ ಜೀವಿ ಮೂಳೆಯನ್ನು ಸವೆಸಲಾರದೆಂದು 2011ರ ಪ್ರಯೋಗ ತೋರಿಸಿದ ಮೇಲಂತೂ, ಒಂಟಿ ತಳಿಯ ವಂಶವಾಹಿಗಳ ಪಟ್ಟಿಯಿಂದ ರೋಗವನ್ನು ವಿವರಿಸಲು ಹೊರಡುವುದು ದುರ್ಬಲವಾದ ವಾದ.

ಇದಕ್ಕಿಂತ ಮಾದರಿಯಾಗಬೇಕಾದದ್ದು ಅಗ್ರಿಗಾಟಿಬ್ಯಾಕ್ಟರ್ ಆಕ್ಟಿನೊಮೈಸೆಟೆಮ್‌ಕೊಮಿಟಾನ್ಸ್‌ನ ಜೆಪಿ2 ಎಂಬ ವಂಶಕುಡಿಯ ಅಧ್ಯಯನ. ಬಿಳಿರಕ್ತಕಣಗಳನ್ನು ಕೊಲ್ಲುವ ವಿಷದ ವಂಶವಾಹಿಯನ್ನು ನಿಯಂತ್ರಿಸುವ ಭಾಗದಲ್ಲಿ 530 ಬೇಸ್ ಜೋಡಿಗಳು ಕಳಚಿಹೋಗಿ ವಿಷದ ಉತ್ಪಾದನೆ ಹೆಚ್ಚಿರುವ ಈ ಕುಡಿಯನ್ನು ಮೊರಾಕ್ಕೊದ ಹದಿಹರೆಯದವರಲ್ಲಿ ಎರಡು ವರ್ಷ ಬೆನ್ನುಹತ್ತಿ, ಅದನ್ನು ಹೊತ್ತವರ ಹಲ್ಲಿನ ಆಧಾರ ಹೆಚ್ಚು ಕುಸಿಯುವುದನ್ನು ಸಂಶೋಧಕರು 2008ರಲ್ಲಿ ತೋರಿಸಿದರು. ಇಲ್ಲಿ ಜೀನೋಮಿನ ಒಂದು ಗುರುತು ಗೊತ್ತಾದ ಜನರ ಬಾಯಿಗೆ, ಕಾಲದ ಅಳತೆಯೊಂದಿಗೆ, ನಂಟಾಗಿದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಬೇಕಾದದ್ದು ಈ ಬಗೆಯ ಕೆಲಸ. 1965ರಲ್ಲಿ ಸ್ಥಾಪನೆಯಾದ ಮಣಿಪಾಲದ ದಂತವೈದ್ಯಕೀಯ ಕಾಲೇಜು ಇವುಗಳಿಗೆ ಹತ್ತಿರದಲ್ಲೇ ಇದೆ. ಎಲೆ-ಅಡಿಕೆ, ಹೊಗೆಸೊಪ್ಪು, ಬೀಡಿ, ಸಕ್ಕರೆ ಕಾಯಿಲೆ ಇವೆಲ್ಲ ವಸಡಿನ ಸ್ಥಿತಿಯನ್ನು ಬದಲಿಸಬಲ್ಲವು. ಧೂಮಪಾನವಂತೂ ರಕ್ತಸ್ರಾವವನ್ನು ತಗ್ಗಿಸಿ ರೋಗವನ್ನು ಮರೆಮಾಚುತ್ತದೆ. ಆದ್ದರಿಂದ ಗಂಗೊಳ್ಳಿಯ ಮೀನುಗಾರನ ಅಥವಾ ಬ್ರಹ್ಮಾವರದ ಕೃಷಿಕಳ ಬಾಯಿಯಿಂದ ತೆಗೆದ ಮಾದರಿಯ ಜೊತೆ ಈ ವಿವರಗಳೂ, ವಸಡಿನ ಸೀಳಿನ ಆಳವೂ ದಾಖಲಾಗಬೇಕು; ಒಂದೇ ಬಾಯಿಯ ಆರೋಗ್ಯವಂತ ಜಾಗ ಮತ್ತು ರೋಗಗ್ರಸ್ತ ಜಾಗದ ತಳಿಗಳನ್ನು ಪರಸ್ಪರ ಹೋಲಿಸಿದ ಬಳಿಕವೇ ಡಬ್ಲ್ಯು83ರಂತಹ ಪ್ರಯೋಗಾಲಯದ ತಳಿಗಳ ಪಕ್ಕದಲ್ಲಿಡಬೇಕು.