‘ಶಿವಮ್ಮ’ ಚಿತ್ರದಲ್ಲಿ ಹಾಸ್ಯ ಮತ್ತು ಕರುಣ

ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂಬುದು ಆಲಂಕಾರಿಕರ ಮತ. ಜೈಶಂಕರ್ ಆರ್ಯರ್ ನಿರ್ದೇಶಿಸಿದ, ೨೦೨೨ರಲ್ಲಿ ಬೂಸಾನ್ ಚಿತ್ರೋತ್ಸವದ ಪ್ರಶಸ್ತಿ ಪಡೆದ ಅಲ್ಪವೆಚ್ಚದ ‘ಶಿವಮ್ಮ’ದಲ್ಲಿ ಅವೆರಡೂ ಒಂದೇ ಒಲೆಯ ಮೇಲೆ ಬೆಂದಿವೆ. ಕೊಪ್ಪಳ ಸೀಮೆಯ ಯರೇಹಂಚಿನಾಳದ ಶಾಲೆಯಲ್ಲಿ ಅಡುಗೆ ಮಾಡುವ ಬಡವಿ, ಗಂಡ ಹಾಸಿಗೆ ಹಿಡಿದು, ಮಗಳ ಮದುವೆ ತಲೆಯ ಮೇಲಿರುವಾಗ, ಸರಪಣಿ ವ್ಯಾಪಾರದ ಶಕ್ತಿವರ್ಧಕ ಪುಡಿಯನ್ನು ನೆರೆಯವರಿಗೆ ಮಾರಹೊರಡುತ್ತಾಳೆ. ನೋಡುವವನು ನಗುತ್ತಾನೆ, ಆಕೆ ಮೋಸಗಾತಿಯಲ್ಲ, ಆ ಪುಡಿಯನ್ನು ತಾನೇ ನಂಬಿದವಳೆಂದು ತಿಳಿದಾಗ ನಕ್ಕವನಿಗೇ ನಾಚಿಕೆ. ನಡುಭಾಗ ತುಸು ದೀರ್ಘವಾಯಿತೇನೋ. ಆ ಸೀಮೆಯ ಆಡುಮಾತು ಬೆಳಗಾವಿಯ ಓದಿದ ಮನೆಗಳಿಗೆ ಗ್ರಾಮ್ಯವೆನಿಸಬಹುದು. ಪಾತ್ರೋಚಿತವಾದುದು ದೋಷವಲ್ಲವೆಂದು ಶಾಸ್ತ್ರವೇ ಹೇಳಿದೆ. ಶರಣಮ್ಮ ಚೆಟ್ಟಿಯವರದನ್ನು ನಟನೆಯೆನ್ನಲು ನಾಲಿಗೆ ಏಳದು. ಖಾನಾಪುರದ ಹೆಂಚಿನ ಭಟ್ಟಿಗಳಿಂದ ಸಂಜೆ ಮನೆಗೆ ಮರಳುವ ಹೆಂಗಸರನ್ನು ಕಂಡವರು ಆ ನಡಿಗೆಯನ್ನು ಗುರುತಿಸದಿರಲಾರರು.